ಬೋರಾ ಬಜಾರಿನ ದಪ್ಪ ಕ್ಯಾನನ್

ಹಳೆಯ ಡಿಜಿಟಲ್ ಕ್ಯಾಮೆರಾಗಳಿಗೆ ಈಗ ಕಾಲೇಜು ಮಕ್ಕಳ ದೆಸೆಯಿಂದ ಶುಕ್ರದೆಸೆ. ಮುಂಬಯಿ ಫೋರ್ಟಿನ ಬೋರಾ ಬಜಾರಿನಲ್ಲಿ ನಾನು ನೋಡಿದ ತೆಳ್ಳಗಿನ, ಮಿರಮಿರ ಮಿಂಚುವ ಮಾದರಿಗಳಿಗೆಲ್ಲ ಆರೇಳು ಸಾವಿರ ಹೇಳಿದರು. ಅದೇ ಕಪಾಟಿನ ಕೆಳಸಾಲಿನಲ್ಲಿ ಕೂತಿದ್ದ ದಪ್ಪ ಕ್ಯಾನನ್ ಪವರ್‌ಶಾಟ್ ಎ570 ಐಎಸ್ ಅನ್ನು ಕೇಳುವವರಿಲ್ಲ. 3,500 ಅಂದವನು 2,200ಕ್ಕೆ ಇಳಿದ. ಬಿಲ್ಲು, ಗ್ಯಾರಂಟಿ ಅಂತೆಲ್ಲ ಕೇಳಲೇಬೇಡಿ.

2007ರ ಮಾಲು. 7.1 ಮೆಗಾಪಿಕ್ಸೆಲ್, 4 ಪಟ್ಟು ಜೂಮ್. ಫೋನಿನ ಮುಂದೆ ಇಟ್ಟರೆ ನಗು ಬರುವ ಅಂಕಿಗಳು. ನನಗೆ ಬೇಕಿದ್ದದ್ದು ಬೇರೆಯೇ: ಕಣ್ಣಿಟ್ಟು ನೋಡುವ ವ್ಯೂಫೈಂಡರ್, ಎಎ ಸೆಲ್. ತೆಳ್ಳಗಿನವುಗಳ ಬ್ಯಾಟರಿ ಒಂದೊಂದಕ್ಕೆ ಒಂದೊಂದು ಆಕಾರ. ಅದು ಸತ್ತರೆ ಊರೆಲ್ಲ ಹುಡುಕಬೇಕು. ಇದಕ್ಕೆ ಎರಡು ರೀಚಾರ್ಜ್ ಸೆಲ್ ಸಾಕು. ತೀರಾ ಕೈಕೊಟ್ಟರೆ ಬೊರಿವಲಿ ಸ್ಟೇಷನ್ ಹೊರಗಿನ ಅಂಗಡಿಯಲ್ಲೂ ಆಲ್ಕಲೈನ್ ಸಿಗುತ್ತದೆ, ಬೇಗ ಮುಗಿಯುತ್ತದೆ ಅಷ್ಟೆ.

ಬೊರಿವಲಿ ಕಾಡಿನೊಳಗಿನ ಕಾನ್ಹೇರಿ ಗುಹೆಗಳಿಗೆ ಒಯ್ದೆ. ಮಧ್ಯಾಹ್ನದ ಬಿಸಿಲಲ್ಲಿ ಕಪ್ಪು ಬಂಡೆಯ ಮೇಲೆ ನಿಂತರೆ ಹಿಂದಿನ 2.5 ಇಂಚಿನ ಪರದೆ ಬರೀ ಕನ್ನಡಿ, ನನ್ನ ಮುಖವೇ ಕಾಣುತ್ತಿತ್ತು ಮಾರಾಯ್ರೆ. ಆಗ ಆ ಪುಟ್ಟ ಕಿಂಡಿಯೇ ಗತಿ. ಅದರಲ್ಲಿ ಚಿತ್ರದ ಅಂಚು ಪೂರ್ತಿ ಕಾಣುವುದಿಲ್ಲ. ಕಂಡದ್ದಕ್ಕಿಂತ ಸ್ವಲ್ಪ ಹೆಚ್ಚೇ ಚಿತ್ರಕ್ಕೆ ಬರುತ್ತದೆ ಅಂತ ತಿಳಿದಿದ್ದರೆ ತೊಂದರೆಯಿಲ್ಲ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ, 80ರಲ್ಲಿಟ್ಟಾಗ ಬಂಡೆಯ ಒರಟು, ಮಳೆನೀರಿನ ಕಾಲುವೆಯ ಗೆರೆ ಚೆನ್ನಾಗಿ ಬಂದವು. ಫೋನು ಎಲ್ಲವನ್ನೂ ತಿದ್ದಿ ತೀಡಿ ಮದುಮಗಳ ಹಾಗೆ ಮಾಡುತ್ತದಲ್ಲ, ಇದಕ್ಕೆ ಆ ಚಟವಿಲ್ಲ. ಆದರೆ ಬೆಳ್ಳಗಿನ ಆಕಾಶಕ್ಕೆ ಎದುರಾದ ಎಲೆಗಳ ಅಂಚಿಗೆ ನೇರಳೆ ಬಣ್ಣ ಹತ್ತುತ್ತದೆ. ಮೂರನೇ ಗುಹೆಯ ಚೈತ್ಯದೊಳಗೆ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರದ ಕತ್ತಲಲ್ಲಿ, ಐಎಸ್‌ಒ 400 ದಾಟಿಸಿದೆನೋ, ಚಿತ್ರವೆಲ್ಲ ಕಾಳು ಕಾಳು. ಅಲ್ಲಿ 80ಕ್ಕೇ ಇಳಿಸಿ, ಕಂಬಕ್ಕೆ ಭುಜ ಒರಗಿಸಿ, ಉಸಿರು ಹಿಡಿದು ಒತ್ತಿದ್ದು ಅಲುಗದೆ ಬಂತು. ಐಎಸ್ ಅಂದರೆ ಕೈನಡುಕ ತಡೆಯುವ ವ್ಯವಸ್ಥೆ. ಹಳೆಯದಾದರೂ ಕೆಲಸ ಮಾಡುತ್ತಿದೆ.

ಕೊಳ್ಳುವವರು ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ನಾಲ್ಕು ತಿಂಗಳ ಮುಂಬಯಿ ಮಳೆಗೆ ಒಳಗೆ ಜೇಡರಬಲೆಯಂಥ ಫಂಗಸ್ ಹಿಡಿದಿರುತ್ತದೆ. ಅದನ್ನು ಬಿಚ್ಚಿ ಒರೆಸುವ ಕೂಲಿ ಕ್ಯಾಮೆರಾದ ಬೆಲೆಗಿಂತ ಜಾಸ್ತಿ. ಬ್ಯಾಟರಿ ಬಾಗಿಲ ಕೊಂಡಿ ಗಟ್ಟಿಯಿದೆಯೇ ಅಂತ ನಾಲ್ಕು ಸಲ ತೆಗೆದು ಮುಚ್ಚಿ, ಅಂಗಡಿಯವನು ಮುಖ ಸಿಂಡರಿಸಿದರೂ ಸರಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಲ್ಲ, ರಸ್ತೆಗಿಳಿದು ಆಕಾಶಕ್ಕೆ ಹಿಡಿದು ಒಂದು ತೆಗೆದು ನೋಡಿ. ಬೆಳಕು ಹಿಡಿಯುವ ಸೆನ್ಸರಿನ ಕಲೆಗಳು ಆಗಲೇ ಕಾಣುವುದು. ಸೂರ್ಯನ ಕಡೆ ತಿರುಗಿಸಿದಾಗ ಪರದೆಯಲ್ಲಿ ಉದ್ದ ಗೆರೆಯೊಂದು ಮೂಡಿದರೆ ಗಾಬರಿ ಬೇಡ. ಅದು ಸಿಸಿಡಿ ಅನ್ನುವ ಈ ಹಳೆಯ ಬಗೆಯ ಸೆನ್ಸರಿನ ಸ್ವಭಾವ, ತೆಗೆದ ಫೋಟೋದಲ್ಲಿ ಬರುವುದಿಲ್ಲ.

ಮುಂಬಯಿಯ ಶಿವ್ಡಿ ಕಡಲಂಚಿನ ಫ್ಲೆಮಿಂಗೋ ಹಕ್ಕಿಗಳಿಗೆ ಇದನ್ನು ಹಿಡಿದು ಹೋಗಬೇಡಿ, ಕೆಸರಿನ ಮೇಲೆ ಗುಲಾಬಿ ಚುಕ್ಕಿ ಮಾತ್ರ ಸಿಗುತ್ತದೆ. ಹಕ್ಕಿಯೇ ಬೇಕಿದ್ದರೆ ಅದೇ ಗಲ್ಲಿಯಲ್ಲಿ ಪವರ್‌ಶಾಟ್ ಎಸ್3 ಐಎಸ್ ಇದೆಯಾ ಅಂತ ವಿಚಾರಿಸಿ. 12 ಪಟ್ಟು ಜೂಮ್; ಅದಕ್ಕೂ ಎಎ ಸೆಲ್ಲೇ, ನಾಲ್ಕು ಬೇಕು.