ಮ್ಯಾನುವಲ್ ಮೋಡ್ ಕಲಿಯೋಕೆ ಕ್ಯಾನನ್ 1500ಡಿ ಹೇಗಿದೆ?

ಬೆಳಕಿನ ಸೆಟ್ಟಿಂಗ್‌ಗಳನ್ನೆಲ್ಲ ನಾವೇ ಹೊಂದಿಸುವ ಈ ಮೋಡ್ ಕಲಿಯುವವರಿಗೆ ಈ ಕ್ಯಾಮೆರಾ ಸಾಕು, ಆದರೆ ಸೆಟ್ಟಿಂಗ್ ಬದಲಿಸುವ ಡಯಲ್ ಒಂದೇ. ಸುಮ್ಮನೆ ತಿರುಗಿಸಿದರೆ ಶಟರ್ ವೇಗ (ಬೆಳಕು ಒಳಬರುವ ಸಮಯ) ಬದಲಾಗುತ್ತದೆ. ಅಪರ್ಚರ್‌ಗೆ (ಲೆನ್ಸ್‌ನ ಬೆಳಕಿನ ಕಿಂಡಿ; ಎಫ್ ಸಂಖ್ಯೆ ಹೆಚ್ಚಾದಷ್ಟೂ ಕಿರಿದು) ಹಿಂಬದಿಯ ಎವಿ ಬಟನ್ ಒತ್ತಿ ಹಿಡಿದೇ ತಿರುಗಿಸಬೇಕು. ಮೊದಮೊದಲು ಹೆಬ್ಬೆರಳು ತಡಕಾಡುತ್ತದೆ. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ. ಅದನ್ನು ಕ್ಯಾಮೆರಾನೇ ಬದಲಿಸುವ ಆಟೋ ಐಎಸ್‌ಒ ತೆಗೆದುಬಿಡಿ, ಇಲ್ಲದಿದ್ದರೆ ನಿಮ್ಮ ತಪ್ಪನ್ನು ಕ್ಯಾಮೆರಾನೇ ಮುಚ್ಚಿಹಾಕುತ್ತದೆ.

ವಿಜಯಪುರದ ಬಿಸಿಲಲ್ಲಿ, ಗೋಳಗುಮ್ಮಟದ ಹೊರಗೆ ಐಎಸ್‌ಒ 100, ಎಫ್ 8, 1/400 ಸೆಕೆಂಡ್ ಸರಿಹೋಗುತ್ತದೆ. ಅದೇ ಸೆಟ್ಟಿಂಗ್‌ನಲ್ಲಿ ಒಳಗೆ ತೆಗೆದರೆ ಬರೀ ಕಪ್ಪು. ಅಲ್ಲಿ ಐಎಸ್‌ಒ 1600, ಎಫ್ 3.5, 1/30ರಿಂದ ಶುರುಮಾಡಿ, ಬೆಳಕು ಅಳೆಯುವ ಮೀಟರ್‌ನ ಗುರುತು ನಡುವೆ ಬರುವವರೆಗೆ ಹೊಂದಿಸಿ. ಜೂಮ್ ಮಾಡೀರಿ ಜೋಕೆ! ಜೊತೆಗೆ ಬರುವ 18–55 ಲೆನ್ಸ್ 55ಕ್ಕೆ ಹೋದರೆ ಅಪರ್ಚರ್ ಎಫ್ 5.6ಕ್ಕೆ ಕಿರಿದಾಗಿ ಫೋಟೊ ಮಂಕಾಗುತ್ತದೆ. ಒಳಗಿನ ಫೋಟೊಗಳೇ ಹೆಚ್ಚಿದ್ದರೆ 50 ಎಂಎಂ ಎಫ್ 1.8 ಲೆನ್ಸ್‌ಗೆ ದುಡ್ಡು ತೆಗೆದಿಡಿ. ಹತ್ತಿರ ನಿಂತು ಇಡೀ ಗುಮ್ಮಟ ಮಾತ್ರ ಅದರಲ್ಲಿ ಹಿಡಿಸೋದಿಲ್ಲ.