ಮಳೆಮಾಪಕ ಚೆನ್ನಾಗಿದೆ, ಮಳೆ ಎಲ್ಲಿದೆ?

2023ರ ಮುಂಗಾರಿಗೆಂದು ಶಿವಮೊಗ್ಗದ ಕೃಷಿ ಸಲಕರಣೆ ಅಂಗಡಿಯೊಂದರಲ್ಲಿ ಕೊಂಡ ಮಳೆಮಾಪಕ ಇದು. ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯ ಅಡಿಕೆ ಅಂಗಳದಲ್ಲಿ, ಮರದ ಹನಿ ತಾಗದ ಕಡೆ ನಿಲ್ಲಿಸಿದ್ದೇನೆ. ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್. 20 ಮಿಲಿಲೀಟರ್ ನೀರು ಕೂಡಿದರೆ 1 ಮಿಲಿಮೀಟರ್ ಮಳೆ. ಲೆಕ್ಕ ಸುಲಭ, ಅಳತೆಗಾಜಿನ ಗೆರೆಗಳೂ ಸ್ಪಷ್ಟ. ಆಲಿಕೆಗೆ ಜಾಲರಿ ಇಲ್ಲದಿರುವುದೊಂದು ಕೊರತೆ, ತರಗೆಲೆ ಸೇರಿಕೊಳ್ಳುತ್ತದೆ.

ಆದರೆ ಅಳೆಯಲು ಮಳೆ ಬೇಕಲ್ಲ! ಶಾಂತಸಾಗರದ ನೀರು ಬಿಸಿಯೇರಿ ನಮ್ಮ ಮುಂಗಾರು ಸೊರಗಬಹುದಾದ ಎಲ್ ನಿನೋ ವರ್ಷ; ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ಜುಲೈನಲ್ಲಿ ಸುರಿದು ಸ್ವಲ್ಪ ಮಾನ ಉಳಿಸಿತು. ಆಶ್ಲೇಷ ಮಳೆಯ ಕಾಲದಲ್ಲಿ ಅಂಗಳದಲ್ಲಿ ಬಿಸಿಲು. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಪುಸ್ತಕ ಹಿಡಿದು ಹೋಗಿ ಸೊನ್ನೆ ಬರೆದು ಬರುತ್ತಿದ್ದೆ. ‘ಇಬ್ಬನಿಯನ್ನಾದರೂ ಅಳೆಯಿರಿ’ ಎಂದಳು ಮನೆಯಾಕೆ. ಆಗುಂಬೆಯ ಭಾವನಿಗೆ ಫೋನ್ ಮಾಡಿದರೆ ಅಲ್ಲೂ ಅದೇ ಗೋಳು. ಅವರ ಊರಿಗೆ ಅದು ಅವಮಾನವೇ ಸರಿ.

ಕೊಳ್ಳಬಹುದು. ಅಳತೆಗಾಜು ಮಾತ್ರ ಎರಡು ಕೇಳಿ ತೆಗೆದುಕೊಳ್ಳಿ, ಒಡೆದರೆ ಬಿಡಿಯಾಗಿ ಸಿಗುವುದಿಲ್ಲ ಎಂದರು ಅಂಗಡಿಯವರು.