ಲೂಪಿನ್ ಸಸಿ: ಬಿಸಿನೀರೋ ಸ್ಯಾಂಡ್‌ಪೇಪರೋ, ಟ್ರೇಯೋ ಉದ್ದ ಕೊಳವೆಯೋ

ಕ್ಯಾಲಿಫೋರ್ನಿಯಾದ ಕಾಡು ಲೂಪಿನ್ ನಮ್ಮ ತೊಗರಿ, ಹುರುಳಿಗಳ ಕುಟುಂಬದ್ದೇ. ಆದರೆ ಇದರ ಕಾಳಿನ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಹಾಗೇ ಬಿತ್ತಿದರೆ ಕೆಲವು ಎರಡು ವಾರಕ್ಕೆ ಮೊಳೆಯುತ್ತವೆ, ಕೆಲವು ಮುಂದಿನ ಮಳೆಗೆ, ಉಳಿದವು ಯಾವಾಗಲೋ. ಬೆಟ್ಟದಲ್ಲಿ ಗಿಡದ ಕುಲ ಉಳಿಯುವುದು ಹೀಗೆಯೇ. ನರ್ಸರಿಯಲ್ಲಿ ಮಾತ್ರ ಅರ್ಧ ಟ್ರೇ ಖಾಲಿ. ಹೋಲಿಕೆಗೆ ತೆಗೆದುಕೊಂಡದ್ದು ಮೂರು ಜಾತಿ: ಒಂದೇ ವರ್ಷ ಬಾಳುವ ಅರೋಯೊ ಲೂಪಿನ್ (ಲೂಪಿನಸ್ ಸಕ್ಯುಲೆಂಟಸ್), ಅದೂ ಅಂಥದ್ದೇ ಆದ ಸಣ್ಣ ಕಾಳಿನ ಸ್ಕೈ ಲೂಪಿನ್ (ಲೂಪಿನಸ್ ನ್ಯಾನಸ್), ಪೊದೆಯಾಗಿ ಕೆಲವು ವರ್ಷ ನಿಲ್ಲುವ ಸಿಲ್ವರ್ ಬುಶ್ ಲೂಪಿನ್ (ಲೂಪಿನಸ್ ಆಲ್ಬಿಫ್ರಾನ್ಸ್).

ಮೊದಲು ಬೀಜೋಪಚಾರ. ಎಲ್ಲರೂ ಹೇಳುವುದು ಬಿಸಿನೀರು. ಕುದಿದ ನೀರನ್ನು ಇಳಿಸಿ, 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಕಾಳಿನ ಮೇಲೆ ಸುರಿದು, ತಾನಾಗಿ ಆರಲು ಬಿಟ್ಟು 12ರಿಂದ 24 ಗಂಟೆ ನೆನೆಸುವುದು. ಕಾಳಿನ ಆರೆಂಟು ಪಟ್ಟು ನೀರಿರಲಿ, ಕಡಿಮೆಯಾದರೆ ಶಾಖ ಬೇಗ ಇಳಿದುಹೋಗುತ್ತದೆ. ಎಷ್ಟು ಕಾಳಿದ್ದರೂ ಒಂದೇ ಪಾತ್ರೆಯಲ್ಲಿ ಕೆಲಸ ಮುಗಿಯುತ್ತದೆ ಎನ್ನುವುದೇ ಇದರ ಹೆಚ್ಚುಗಾರಿಕೆ. ತೊಂದರೆ ಏನೆಂದರೆ, ಒಂದೇ ಗಿಡದ ಕಾಳುಗಳಲ್ಲೂ ಸಿಪ್ಪೆಯ ಗಟ್ಟಿತನ ಒಂದೇ ಸಮ ಇರುವುದಿಲ್ಲ. ತೆಳು ಸಿಪ್ಪೆಯವು ಬೆಂದುಹೋಗುತ್ತವೆ, ಗಟ್ಟಿಯವು ಮರುದಿನವೂ ಹಾಗೇ ತಳದಲ್ಲಿ ಕೂತಿರುತ್ತವೆ. ಬೆಂದದ್ದನ್ನು ಗುರುತಿಸುವುದು ಸುಲಭ: ಒತ್ತಿದರೆ ಬೇಳೆ ಮೆತ್ತಗೆ ಜಾರುತ್ತದೆ. ಇನ್ನು 24 ಗಂಟೆ ದಾಟಿದರೆ ಗಾಳಿಯಿಲ್ಲದೆ ಮೊಳಕೆ ಉಸಿರುಗಟ್ಟಿ ಕಾಳು ಹುಳಿವಾಸನೆ ಹೊಡೆಯುತ್ತದೆ.

ಸ್ಯಾಂಡ್‌ಪೇಪರ್ ನಿಧಾನದ ಕೆಲಸ, ಆದರೆ ಫಲಿತಾಂಶ ನಿಮ್ಮ ಕೈಯಲ್ಲೇ ಇರುತ್ತದೆ. ಗಾಜಿನ ಜಾಡಿಯ ಒಳಗೋಡೆಗೆ 100 ನಂಬರಿನ ಕಾಗದವನ್ನು ಒರಟು ಮುಖ ಒಳಗಾಗುವಂತೆ ಸುತ್ತಿ, ಒಂದು ಹಿಡಿ ಕಾಳು ಹಾಕಿ ಕುಲುಕಬೇಕು. ಹೊಳಪು ಹೋಗಿ ಸಿಪ್ಪೆ ಮಂಕಾದರೆ ಸಾಕು. ಒಳಗಿನ ಬೇಳೆ ಕಾಣುವಷ್ಟು ಉಜ್ಜಿದರೆ ಅದೇ ಗಾಯದಿಂದ ಬೂಸ್ಟು ಒಳಹೋಗುತ್ತದೆ. ಆಮೇಲೆ ತಣ್ಣೀರಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ದಪ್ಪಗೆ ಉಬ್ಬಿದವನ್ನು ಆರಿಸಿ ಬಿತ್ತಿ, ಉಬ್ಬದವನ್ನು ಒಣಗಿಸಿ ಮತ್ತೆ ಜಾಡಿಗೆ ಹಾಕಬಹುದು. ಅರೋಯೊ ಮತ್ತು ಸಿಲ್ವರ್ ಬುಶ್‌ಗೆ ನಮ್ಮ ಮತ ಇದಕ್ಕೇ. ಸ್ಕೈ ಲೂಪಿನ್‌ನ ಚಿಕ್ಕ ಕಾಳು ಕ್ಷಣದಲ್ಲಿ ಹೆಚ್ಚು ಸವೆದುಬಿಡುತ್ತದೆ, ಅಲ್ಲಿ ಬಿಸಿನೀರೇ ವಾಸಿ. ಇಪ್ಪತ್ತು ಮೂವತ್ತು ಕಾಳಷ್ಟೇ ಇದ್ದರೆ ನೇಲ್ ಕಟರ್‌ನಿಂದ ಕಾಳಿನ ಕಣ್ಣಿನ (ಕಾಯಿಗೆ ಅಂಟಿದ್ದ ಗುರುತಿನ) ಎದುರುಬದಿಯಲ್ಲಿ ಚೂರು ಸಿಪ್ಪೆ ಕತ್ತರಿಸುವುದಕ್ಕಿಂತ ಖಚಿತವಾದದ್ದು ಬೇರೆ ಇಲ್ಲ. ಗಂಧಕಾಮ್ಲದ ಉಪಚಾರ ದೊಡ್ಡ ಬೀಜ ಕಂಪನಿಗಳಿಗಿರಲಿ. ಕಾಳಿನಲ್ಲಿ ವಿಷದ ಆಲ್ಕಲಾಯ್ಡ್ ಇರುವುದರಿಂದ ನೆನೆಸಿದ ನೀರನ್ನು ನಾಯಿ, ಮಕ್ಕಳಿಗೆ ಸಿಗದಂತೆ ಚೆಲ್ಲಿ.

ನಿಜವಾದ ವ್ಯತ್ಯಾಸ ಬರುವುದು ಕುಂಡದಲ್ಲಿ. ಲೂಪಿನ್ ಮೇಲೆ ಎರಡು ಮೂರು ಎಲೆ ಬಿಡುವಷ್ಟರಲ್ಲಿ ಕೆಳಗೆ ತಾಯಿಬೇರು ಸರ್ರನೆ ಇಳಿದಿರುತ್ತದೆ. 72 ಗುಳಿಯ ಟ್ರೇಯ ಆಳ ಎರಡು ಇಂಚಿನ ಆಸುಪಾಸು. ಬೇರು ತಳ ಮುಟ್ಟಿ, ತಿರುಗಿ, ಸುರುಳಿಯಾಗುತ್ತದೆ. ನೆಲಕ್ಕೆ ನೆಟ್ಟ ಮೇಲೂ ಆ ಸುರುಳಿ ಬಿಚ್ಚುವುದಿಲ್ಲ. ವಸಂತದಲ್ಲಿ ಚೆನ್ನಾಗಿಯೇ ಕಂಡ ಪೊದೆ ಮೊದಲ ಬೇಸಿಗೆಯಲ್ಲೇ ಬಾಡುತ್ತದೆ. ನಾಲ್ಕಿಂಚಿನ ಕುಂಡದಲ್ಲಿ ಮಣ್ಣು ಹೆಚ್ಚು, ಆಳ ಕಡಿಮೆ. ಪುಟ್ಟ ಸಸಿಗೆ ಹೀರಲಾಗದಷ್ಟು ತೇವ ಬುಡದಲ್ಲೇ ನಿಂತು ಕೊಳೆರೋಗ ಬರುತ್ತದೆ.

ಇದಕ್ಕೆ ಬದಲು ಉದ್ದ ಕೊಳವೆಯಂಥ ಕುಂಡ ಬಳಸಬಹುದು. ಅದರಲ್ಲಿ ಎರಡು ಮಾದರಿ ನೋಡೋಣ. ಕೋನ್‌ಟೈನರ್ ಎಸ್‌ಸಿ10 ಒಂದೂವರೆ ಇಂಚು ಅಗಲ, ಎಂಟೂಕಾಲು ಇಂಚು ಆಳ, 164 ಮಿಲಿ. ಡೀಪಾಟ್ ಡಿ40 ಎರಡೂವರೆ ಇಂಚು ಅಗಲ, ಹತ್ತಿಂಚು ಆಳ, 656 ಮಿಲಿ. ಒಂದೇ ವರ್ಷದ ಜಾತಿಗಳಿಗೆ ಮೊದಲನೆಯದು ಸಾಕು, ಅದೂ ಬೇರು ತಳ ಸೇರುವ ಮೊದಲೇ ನೆಡುವುದಾದರೆ. ಜಾಗ ಇದ್ದವರು ಅವನ್ನು ನೇರ ನೆಲಕ್ಕೇ ಬಿತ್ತುವುದು ಇನ್ನೂ ಒಳ್ಳೆಯದು. ಪೊದೆ ಲೂಪಿನ್‌ಗೆ ಡಿ40 ಬಿಟ್ಟು ಬೇರೆ ಯೋಚನೆ ಬೇಡ. ಎರಡನ್ನೂ ಸ್ಟ್ಯಾಂಡಿನಲ್ಲಿ ನೆಲದಿಂದ ಮೇಲೆ ನಿಲ್ಲಿಸಬೇಕು. ತಳದ ತೂತಿನಲ್ಲಿ ಗಾಳಿ ತಾಗಿದರೆ ಬೇರಿನ ತುದಿ ಒಣಗಿ ಪಕ್ಕದ ಬೇರುಗಳು ಒಡೆಯುತ್ತವೆ. ನೆಲಕ್ಕೆ ಊರಿ ಇಟ್ಟರೆ ಕೊಳವೆಗೆ ಕೊಟ್ಟ ದುಡ್ಡು ದಂಡ.

ಮಿಶ್ರಣಕ್ಕೆ ಅರ್ಧ ಪಾಟಿಂಗ್ ಮಣ್ಣು, ಅರ್ಧ ಪ್ಯೂಮಿಸ್ ಅಥವಾ ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರ ಕಲ್ಲಿನ ಹರಳು). ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ, ಕಾಲಿಂಚಿನಿಂದ ಅರ್ಧ ಇಂಚು ಆಳಕ್ಕೆ, ಕೊಳವೆಗೆ ಎರಡು ಕಾಳು. ಎರಡೂ ಹುಟ್ಟಿದರೆ ಒಂದನ್ನು ಕೀಳಬೇಡಿ, ಕತ್ತರಿಯಿಂದ ಕತ್ತರಿಸಿ. ಬಸವನಹುಳುಗಳಿಗೆ ಎಳೆ ಬೀಜದಳ ಹಬ್ಬದೂಟ, ರಾತ್ರಿ ಟಾರ್ಚ್ ಹಿಡಿದು ನೋಡಲೇಬೇಕು.

ಲೂಪಿನ್ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಸಾರಜನಕದ ಗೊಬ್ಬರ ಹಾಕಿದರೆ ಈ ಬೇರುಗಂಟು ಸರಿಯಾಗಿ ಕಟ್ಟುವುದಿಲ್ಲ. ಶೇಂಗಾ, ಸೋಯಾ ಹೆಸರಿನ ರೈಜೋಬಿಯಂ ಪೊಟ್ಟಣ ನೆಚ್ಚಬೇಡಿ, ಲೂಪಿನ್‌ಗೆಂದೇ ಮಾರುವುದನ್ನು ನೆನೆದ ಕಾಳಿಗೆ ಲೇಪಿಸಿ. ಬೆಟ್ಟದ ಲೂಪಿನ್ ಬುಡದ ಮಣ್ಣು ತಂದು ಬೆರೆಸುವ ಹಳೆಯ ಉಪಾಯಕ್ಕಿಂತ ಇದು ಮೇಲು, ಏಕೆಂದರೆ ಆ ಮಣ್ಣಿನ ಜೊತೆ ಫೈಟಾಫ್ತೊರ ಎಂಬ ಬೇರುಕೊಳೆ ರೋಗಾಣುವೂ ನರ್ಸರಿಗೆ ಬರಬಹುದು. ನೆಡುವ ಮುನ್ನ ಒಂದು ಸಸಿಯನ್ನು ಬಲಿಕೊಟ್ಟು ಬೇರುಗಂಟು ಸೀಳಿ ನೋಡಿ: ಒಳಗೆ ನಸುಗೆಂಪಿದ್ದರೆ ಸಾರಜನಕ ಸಿಗುತ್ತಿದೆ, ಬೆಳ್ಳಗಿದ್ದರೆ ಇನ್ನೂ ಇಲ್ಲ.